ಅಜ್ಜ ಯಾಕೆ ನಗುವುದಿಲ್ಲ?

ನಿಮ್ಮ ಮನೆಗೂ ಊರಿನಿಂದ ಅಪ್ಪ-ಅಮ್ಮ ಆರು ತಿಂಗಳಿಗೆಂದು ಬಂದು ಹೋಗುತ್ತಿರಬಹುದು. ಸೂಟ್‌ಕೇಸ್ ತುಂಬ ಹಪ್ಪಳ, ಮಿಡಿ ಉಪ್ಪಿನಕಾಯಿ. ಹೋದ ಬೇಸಿಗೆಯಲ್ಲಿ ನಮ್ಮಪ್ಪ ಸಾಗರದಿಂದ ರಾಕ್‌ವಿಲ್‌ಗೆ ಬಂದಾಗ ಅವುಗಳ ಜೊತೆ ಮಾತ್ರೆಯ ಡಬ್ಬಿಯೂ ಬಂತು. ಅವರಿಗೆ ಪಾರ್ಕಿನ್ಸನ್ಸ್.

ಬಲಗೈ ನಡುಗುತ್ತದೆಂದು ನಮಗೆ ಗೊತ್ತಿತ್ತು. ಮುಖದ ಸಂಗತಿ ಗೊತ್ತಿರಲಿಲ್ಲ. ಎರಡು ವಾರದ ಮೇಲೆ ಹತ್ತು ವರ್ಷದ ಮಗಳು ಮಲಗುವ ಹೊತ್ತಿಗೆ ಕೇಳಿದಳು: "ಅಮ್ಮಾ, ಅಜ್ಜನಿಗೆ ನಾನು ಇಷ್ಟ ಇಲ್ವಾ? ನಾನು ಏನು ಹೇಳಿದ್ರೂ ನಗೋದೇ ಇಲ್ಲ."

"ವಯಸ್ಸಾಯ್ತಲ್ಲ ಪುಟ್ಟಿ" ಅಂದುಬಿಟ್ಟೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಆಮೇಲೆ ಅವಳು ಅಜ್ಜನ ಪಕ್ಕ ಕೂರುವುದನ್ನೇ ಬಿಟ್ಟಳು.

ಶನಿವಾರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹಿಡಿದು ಶುರುಮಾಡಿದೆ. ಈ ಉಪ್ಪಿನಲ್ಲಿರುವ ಸೋಡಿಯಂ ನರಕೋಶದ ಹೊರಗೆ ಹೆಚ್ಚು, ಪೊಟ್ಯಾಸಿಯಂ ಒಳಗೆ ಹೆಚ್ಚು. ಕೋಶದ ಗೋಡೆಯಲ್ಲಿರುವ ಪಂಪು ಪ್ರತಿ ಸಲ 3 ಸೋಡಿಯಂ ಹೊರಗೆ ಹಾಕಿ 2 ಪೊಟ್ಯಾಸಿಯಂ ಒಳಗೆ ತರುತ್ತದೆ. ಸುಮ್ಮನಿರುವ ಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣ. ಸಂದೇಶ ಬಂದಾಗ ಗೋಡೆಯ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ಪಕ್ಕದ ಬಾಗಿಲೂ ತೆರೆಯುತ್ತದೆ, ಅದರ ಪಕ್ಕದ್ದೂ. ಪಟಾಕಿ ಸರದ ಹಾಗೆ. ವ್ಯತ್ಯಾಸ ಇಷ್ಟೆ: ಈ ಸರ ಸುಟ್ಟುಹೋಗುವುದಿಲ್ಲ. ಕೆಲವೇ ಮಿಲಿಸೆಕೆಂಡಿನಲ್ಲಿ ಮತ್ತೆ ಸಿಡಿಯಲು ತಯಾರು.

"ಹಾಗೇ ಕೈ ತನಕ ಹೋಗತ್ತಾ?"

ಇಲ್ಲ. ಒಂದು ಕೋಶ ಮುಗಿದು ಇನ್ನೊಂದು ಶುರುವಾಗುವ ಕಡೆ ಸಾಮಾನ್ಯವಾಗಿ ಸಣ್ಣ ಸಂದು ಇರುತ್ತದೆ, ಮೀಟರಿನ ನೂರು ಕೋಟಿಯಲ್ಲಿ ಇಪ್ಪತ್ತು ಭಾಗದಷ್ಟು. ವಿದ್ಯುತ್ತು ಅಲ್ಲೇ ನಿಲ್ಲುತ್ತದೆ, ಆಚೆ ದಾಟುವುದು ರಾಸಾಯನಿಕ. ಸೇತುವೆ ಆಗುವ ಮೊದಲು ಸಿಗಂದೂರಿಗೆ ಹೋದದ್ದು ಅವಳಿಗೆ ನೆನಪಿತ್ತು: ರಸ್ತೆ ಶರಾವತಿ ಹಿನ್ನೀರಿನಲ್ಲಿ ಮುಗಿಯುತ್ತದೆ, ಆಚೆ ದಡಕ್ಕೆ ಲಾಂಚ್. ಅಜ್ಜನ ಮಿದುಳಿನಲ್ಲಿ ಡೋಪಮಿನ್ ಎಂಬ ಲಾಂಚುಗಳನ್ನು ಮಾಡುವ ಕೋಶಗಳೇ ಸಾಯುತ್ತಿವೆ. ನಗು ಈ ದಡದಲ್ಲಿ ಕಾಯುತ್ತಿದೆ, ಮುಖಕ್ಕೆ ತಲುಪುತ್ತಿಲ್ಲ.

ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಈ ಕಥೆಯ ಒಂದು ತುಂಡು ನಮ್ಮ ಮನೆಯ ಹತ್ತಿರದ್ದೇ. 1955ರಲ್ಲಿ ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಬೆಥೆಸ್ಡಾದ ಎನ್ಐಎಚ್‌ಗೆ ಬಂದು ಕೆಲವು ತಿಂಗಳು ರೆಸರ್ಪಿನ್ ಬಗ್ಗೆ ಕೆಲಸ ಮಾಡಿದರು. ಅದು ನಮ್ಮ ಸರ್ಪಗಂಧಿಯ ಬೇರಿನಿಂದ ಬಂದ ಔಷಧ. ಊರಿಗೆ ಮರಳಿದ ಮೇಲೆ, 1957ರಲ್ಲಿ, ರೆಸರ್ಪಿನ್‌ನಿಂದ ಮಂಕಾಗಿ ಬಿದ್ದ ಮೊಲಗಳಿಗೆ ಎಲ್-ಡೋಪ ಕೊಟ್ಟರು, ಅವು ಎದ್ದು ಓಡಾಡಿದವು. 2000ದಲ್ಲಿ ನೊಬೆಲ್ ಬಂತು. ಅಪ್ಪನ ಮಾತ್ರೆಯಲ್ಲಿರುವುದೂ ಅದೇ ಎಲ್-ಡೋಪ. ಡೋಪಮಿನ್ ರಕ್ತದಿಂದ ಮಿದುಳಿಗೆ ಹೋಗಲಾರದು. ಎಲ್-ಡೋಪ ಹೋಗಿ, ಅಲ್ಲಿ ಡೋಪಮಿನ್ ಆಗುತ್ತದೆ. ಬೇಳೆ, ಮೊಸರಿನ ಪ್ರೋಟೀನೂ ಅದೇ ಬಾಗಿಲಿಗೆ ನೂಕುನುಗ್ಗಲು ಮಾಡುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ಕೊಡಿ ಎಂದು ವೈದ್ಯರು ಹೇಳಿದ್ದಾರೆ. ನಾವೋ, ಎರಡು ವಾರದಿಂದ ಮೊಸರನ್ನದ ಜೊತೆಗೇ ಕೊಡುತ್ತಿದ್ದೆವು! ನಿಮ್ಮ ಮನೆಯಲ್ಲೂ ಈ ಮಾತ್ರೆ ಇದ್ದರೆ ಒಮ್ಮೆ ಕೇಳಿ ನೋಡಿ.

ನಸುಗುನ್ನಿ ಬೀಜದಲ್ಲೂ ಎಲ್-ಡೋಪ ಇದೆ. ಹಾಗೆಂದು ನೀವೇ ಕುಟ್ಟಿ ಕೊಡಬೇಡಿ, ಪ್ರಮಾಣ ಸಿಗದು. ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಿಧಾನಕ್ಕೆ, ಸಣ್ಣ ದನಿಯಲ್ಲಿ, "ನಾಲ್ಕನೇ ಕ್ಲಾಸಲ್ಲಿ ಮೇಷ್ಟ್ರ ಕುರ್ಚಿಗೆ ಅದನ್ನೇ ಉಜ್ಜಿದ್ದೆ ಮಾರಾಯ್ತಿ" ಅಂದರು. ಮುಖ ಕಲ್ಲಿನ ಹಾಗೆಯೇ ಇತ್ತು.

"ಅಮ್ಮಾ, ಅಜ್ಜನ ಭುಜ ನೋಡು," ಅಂದಳು ಮಗಳು. "ಅಜ್ಜ ನಗ್ತಿದಾರೆ."

ಈಗ ಸಂಜೆ ಏಳಕ್ಕೆ ಮಾತ್ರೆ ಕೊಡುವ ಕೆಲಸ ಅವಳದು. ಏಳೂವರೆಗೆ ತಟ್ಟೆ ಹಾಕುತ್ತಾಳೆ, ಅಜ್ಜನ ಪಕ್ಕದಲ್ಲೇ ಕೂರುತ್ತಾಳೆ.