ಸೇಡಂ ರೈಲು, ಸಿಕಂದರಾಬಾದಿನ ಪೇಟೆ

ಮುಧೋಳ ಎಂದಕೂಡಲೇ ರಾಜ್ಯದ ಉಳಿದ ಭಾಗದವರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಮುಧೋಳ ಮತ್ತು ಅಲ್ಲಿಯ ಬೇಟೆನಾಯಿ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲೂ ಒಂದು ಮುಧೋಳವಿದೆ. ತೆಲಂಗಾಣದ ಗಡಿ ಇಲ್ಲಿಗೆ ಹತ್ತಿರ. ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳನ್ನು ಒಳಗೊಂಡ ಈ ಸೀಮೆಯಲ್ಲಿ ನೆಲದ ಮೇಲೆ ತೊಗರಿ, ನೆಲದ ಕೆಳಗೆ ಸುಣ್ಣದಕಲ್ಲು. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿ ಪರ್ಸಿ ಕಲ್ಲು ಹೋದದ್ದು ಇಲ್ಲಿಂದಲೇ.

ವಾಡಿಯಿಂದ ಸಿಕಂದರಾಬಾದಿನವರೆಗಿನ ರೈಲುಮಾರ್ಗ ನಿಜಾಮರ ಕಾಲದಲ್ಲಿ, 1874ರಲ್ಲಿ ತೆರೆಯಿತು. ಚಿತ್ತಾಪುರ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ, ಸೇಡಂ ದಾಟಿ ಗಾಡಿ ತಾಂಡೂರು ಸೇರುತ್ತದೆ. ಅಲ್ಲಿಂದ ವಿಕಾರಾಬಾದ್, ಮುಂದೆ ಮಹಾನಗರ. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದರೂ ಪೇಟೆಯ ದಾರಿ ಬದಲಾಗಲಿಲ್ಲ. ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ. ಹೈದರಾಬಾದಿಗೆ ಬೆಳಿಗ್ಗೆ ಹೋದವರು ಕೆಲಸ ಮುಗಿಸಿ ಅದೇ ದಿನ ಮರಳಬಹುದು. ಆಸ್ಪತ್ರೆಗೆಂದು, ಮದುವೆಯ ಜವಳಿಗೆಂದು ಹೋಗುತ್ತಿದ್ದ ಇದೇ ದಾರಿಯಲ್ಲಿ ಈಗ ಕಂಪ್ಯೂಟರಿನ ಬಿಡಿಭಾಗಗಳೂ ಊರಿಗೆ ಬರುತ್ತಿವೆ.

ಅವುಗಳಲ್ಲಿ ಹೆಚ್ಚು ಚರ್ಚೆಗೆ ಗುರಿಯಾಗುವುದು ಪ್ರೊಸೆಸರ್. ಐದಾರು ವರ್ಷದ ಹಿಂದೆ ಆಟಕ್ಕೆಂದು ಕಟ್ಟಿಸಿದ ಯಂತ್ರ ಈಗ ಹೊಸ ಆಟಗಳಲ್ಲಿ ಮುಗ್ಗರಿಸುತ್ತಿದೆ ಎಂಬುದು ಮಗನ ದೂರು. ಆಟಕ್ಕಾಗಿ ಇನ್ನೆಷ್ಟು ಸುರಿಯುವುದು ಎಂಬುದು ತಂದೆಯ ಪ್ರಶ್ನೆ. ಎರಡರಲ್ಲೂ ನ್ಯಾಯವಿದೆ. ಕಲ್ಲಿನ ಪಾಲಿಶ್ ಕೆಲಸದಿಂದಲೋ ತೊಗರಿಯ ಒಂದು ಸುಗ್ಗಿಯಿಂದಲೋ ಮನೆ ನಡೆಸುವವರಿಗೆ ಹೊಂದಿಕೆಯಾಗದ ಒಂದು ಪೆಟ್ಟಿಗೆ ತಂದರೆ ಆಗುವ ನಷ್ಟ ಸಣ್ಣದಲ್ಲ. ಆದ್ದರಿಂದ ಯಾವ ಪ್ರೊಸೆಸರ್ ಎಂಬ ತೀರ್ಮಾನ ಸಿಕಂದರಾಬಾದಿನ ಅಂಗಡಿಯಲ್ಲಿ ಆಗತಕ್ಕದ್ದಲ್ಲ; ಟಿಕೆಟ್ ತೆಗೆಯುವ ಮುನ್ನ ಮನೆಯಲ್ಲಿ ಆಗತಕ್ಕದ್ದು.

ಹೊರಡುವ ಮುನ್ನ

ಮೊದಲು ತಿಳಿಯಬೇಕಾದದ್ದು ತಪ್ಪು ಯಾರದೆಂದು. ಆಟದೊಳಗಿನ ಫ್ರೇಮ್ ಮಿತಿಯನ್ನೂ ವಿ-ಸಿಂಕನ್ನೂ ತೆಗೆದು, ಆಟ ಓಡುತ್ತಿರುವಾಗ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇಕಡಾ 95ರ ಮೇಲೆಯೇ ನಿಂತಿದ್ದರೆ ದಣಿದಿರುವುದು ಆ ಕಾರ್ಡು. ಪ್ರೊಸೆಸರ್ ಬದಲಿಸಿದರೆ ಹೆಚ್ಚೇನೂ ಸಿಗದು. ಅದು 50–60ರಲ್ಲಿ ತೂಗಾಡುತ್ತ ಆಟ ಎಡವುತ್ತಿದ್ದರೆ ಅನುಮಾನ ಪ್ರೊಸೆಸರಿನ ಮೇಲೆ. ಪ್ರೊಸೆಸರಿನ ಒಟ್ಟು ಬಳಕೆ 40 ಎಂದು ತೋರಿಸಿದರೂ ನಂಬುವಂತಿಲ್ಲ. ಒಂದೆರಡು ಕೋರ್‌ಗಳು ಪೂರ್ತಿ ದುಡಿದು ಉಳಿದವು ಸುಮ್ಮನೆ ಕೂತಿರಬಹುದು. ಇನ್ನೊಂದು ಪರೀಕ್ಷೆಯೂ ಸುಲಭ. ಪರದೆಯ ರೆಸಲ್ಯೂಷನ್ ಇಳಿಸಿ ನೋಡಿ. ವೇಗ ಏರದಿದ್ದರೆ ಕುತ್ತಿಗೆ ಹಿಡಿದಿರುವುದು ಬಹುಮಟ್ಟಿಗೆ ಪ್ರೊಸೆಸರೇ. ರ್‍ಯಾಮ್ ಒಂದೇ ಪಟ್ಟಿಯಲ್ಲಿದ್ದರೆ ಅದಕ್ಕೆ ಜೋಡಿ ಹಾಕುವುದರಿಂದಲೂ ಕೆಲವು ಆಟಗಳು ಚೇತರಿಸಿಕೊಳ್ಳುತ್ತವೆ.

ಎರಡನೆಯದು ಮದರ್‌ಬೋರ್ಡಿನ ಹೆಸರು. ಪೆಟ್ಟಿಗೆ ತೆರೆದು ಬೋರ್ಡಿನ ಮೇಲೆ ಅಚ್ಚಾದ ಮಾದರಿ ಸಂಖ್ಯೆ, ಎಸ್‌ಎಂಪಿಎಸ್‌ನ ಚೀಟಿ, ರ್‍ಯಾಮಿನ ಬಗೆ ಮೂರನ್ನೂ ಫೋಟೊ ತೆಗೆದುಕೊಳ್ಳಿ. ಬ್ರಾಡ್‌ಗೇಜ್ ಗಾಡಿ ಮೀಟರ್‌ಗೇಜ್ ಹಳಿಯ ಮೇಲೆ ಓಡದಂತೆ ಒಂದು ಸಾಕೆಟ್ಟಿನ ಪ್ರೊಸೆಸರ್ ಇನ್ನೊಂದರಲ್ಲಿ ಕೂರದು. ಕೆಲವೊಮ್ಮೆ ಹಳಿ ಒಂದೇ ಅಗಲವಿದ್ದರೂ ಸಿಗ್ನಲ್ ಬೇರೆ ಇರುತ್ತದೆ. ಇಂಟೆಲ್‌ನ 6, 7ನೇ ತಲೆಮಾರಿಗೂ 8, 9ನೇ ತಲೆಮಾರಿಗೂ ಸಾಕೆಟ್ ಸಂಖ್ಯೆ ಒಂದೇ, 1151. ಆದರೆ 2017ರಲ್ಲಿ ಬಂದ 8ನೇ ತಲೆಮಾರಿಗೆ 300 ಸರಣಿಯ ಹೊಸ ಬೋರ್ಡೇ ಬೇಕು. ಹಳೆಯ ಬೋರ್ಡು ಅದನ್ನು ಒಪ್ಪುವುದಿಲ್ಲ.

ಪಾರ್ಕ್ ಲೇನಿನ ಅಂಗಡಿಗಳು

ಬೆಂಗಳೂರಿನಲ್ಲಿ ಎಸ್.ಪಿ. ರೋಡ್ ಎಂದರೆ ಸಾದರ ಪತ್ರಪ್ಪ ರಸ್ತೆ, ಬಿಡಿಭಾಗಗಳ ದೊಡ್ಡ ಪೇಟೆ. ಸಿಕಂದರಾಬಾದಿನಲ್ಲೂ ಒಂದು ಎಸ್.ಪಿ. ರೋಡ್ ಇದೆ; ಅದು ಸರ್ದಾರ್ ಪಟೇಲ್ ರಸ್ತೆ. ಅದಕ್ಕೆ ಹತ್ತಿರದ ಪಾರ್ಕ್ ಲೇನಿನಲ್ಲಿ ಚೆನಾಯ್ ಟ್ರೇಡ್ ಸೆಂಟರ್. ಎಲ್ಲರ ಬಾಯಲ್ಲೂ ಅದು ಸಿಟಿಸಿ. ಮಹಡಿ ಮಹಡಿಗೂ ಕಂಪ್ಯೂಟರಿನ ಅಂಗಡಿಗಳು, ರಿಪೇರಿಯವರು, ಹಳೆಯ ಸಾಮಾನು ಕೊಳ್ಳುವವರು. ತೆಲುಗು ಬಾರದಿದ್ದರೂ ಚಿಂತೆಯಿಲ್ಲ, ನಮ್ಮ ಕಡೆಯ ಉರ್ದುವಿಗೆ ಅಲ್ಲಿ ಬೆಲೆಯಿದೆ. ಅಂಗಡಿಯವನು ಏನು ಬೇಕೆಂದು ಕೇಳಿದರೆ ಬೋರ್ಡಿನ ಫೋಟೊ ಮುಂದಿಟ್ಟು, ‘ಇದಕ್ಕ ಕೂಡೋದು ಯಾವುದದ?’ ಎಂದು ನಾವೇ ತಿರುಗಿ ಕೇಳಬೇಕು.

ಮನೆಯಲ್ಲಿರುವುದು ಎಎಂಡಿಯ ಎಎಂ4 ಬೋರ್ಡಾಗಿದ್ದರೆ ದಾರಿ ಸುಲಭ. 2017ರ ರೈಝೆನ್ 5 1600 ಕೂತಿದ್ದ ಜಾಗದಲ್ಲಿಯೇ 2022ರ ರೈಝೆನ್ 5 5600 ಕೂರಬಲ್ಲದು. ಎರಡಕ್ಕೂ 6 ಕೋರ್, 12 ಥ್ರೆಡ್. ಆದರೆ ಆಟದಲ್ಲಿ ಹೊಸದರ ವೇಗವೇ ಬೇರೆ. ಬೋರ್ಡು, ರ್‍ಯಾಮ್ ಎರಡೂ ಉಳಿಯುತ್ತವೆ. ಷರತ್ತು ಒಂದೇ. ಬೋರ್ಡು ತಯಾರಿಸಿದ ಕಂಪೆನಿಯ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರಿರಬೇಕು ಮತ್ತು ಹಳೆಯದನ್ನು ಕೀಳುವ ಮುನ್ನವೇ ಬಯಾಸ್ ನವೀಕರಿಸಬೇಕು. ನವೀಕರಿಸುವಾಗ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು. ನಮ್ಮೂರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಹೆಸರಿನ ಬಾಲದ ಮೇಲೂ ಕಣ್ಣಿರಲಿ. 5600ಕ್ಕೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ 5500 ಮತ್ತು 5600ಜಿಗಳಿಗೆ 16 ಮಾತ್ರ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಟ್ಟುಕೊಂಡು ಆಡುವವರಿಗೆ ಈ ಅರ್ಧ ಕ್ಯಾಶ್ ನಷ್ಟವೇ. ಜಿ ಎಂದರೆ ಚಿತ್ರ ಮೂಡಿಸುವ ಭಾಗ ಒಳಗೇ ಇದೆ ಎಂದರ್ಥ. ಇಂಟೆಲ್‌ನ ಎಫ್ ಎಂದರೆ ಆ ಭಾಗ ಇಲ್ಲವೆಂದರ್ಥ.

ಇಂಟೆಲ್‌ನ 4ನೇ ತಲೆಮಾರಿನ, ಡಿಡಿಆರ್3 ರ್‍ಯಾಮಿನ ಯಂತ್ರವಾದರೆ ಮಾತು ಬೇರೆ. ಅದರಲ್ಲಿ ಕೂರುವ ದೊಡ್ಡದೆಂದರೆ ಐ7 4790ರಂಥ 4 ಕೋರಿನ ಹಳೆಯ ಪ್ರೊಸೆಸರ್. ಅಗ್ಗವೆಂದು ಅದನ್ನು ತಂದರೂ ವಿಂಡೋಸ್ 11ರ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ; ಆ ಪಟ್ಟಿ ಶುರುವಾಗುವುದೇ ಬಹುತೇಕ ಇಂಟೆಲ್‌ನ 8ನೇ ತಲೆಮಾರು ಮತ್ತು ರೈಝೆನ್ 2000 ಸರಣಿಯಿಂದ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಥ ಯಂತ್ರಕ್ಕೆ ಚೂರುಪಾರು ಸುರಿಯುವುದಕ್ಕಿಂತ ಕೆಲವು ತಿಂಗಳು ಕೂಡಿಟ್ಟು ಬೋರ್ಡು ಸಮೇತ ಬದಲಿಸುವುದೇ ಲೇಸು. ಕೈಯಲ್ಲಿ ಡಿಡಿಆರ್4 ರ್‍ಯಾಮ್ ಇರುವವರು ಇಂಟೆಲ್ ಐ5 12400ಎಫ್ ಜೊತೆಗೆ ಡಿಡಿಆರ್4 ಬೋರ್ಡನ್ನೇ ಕೇಳಿ ಪಡೆದರೆ ಆ ರ್‍ಯಾಮ್ ಉಳಿಯುತ್ತದೆ. ಎಎಂಡಿಯ ಎಎಂ5 ಬೋರ್ಡಿಗೆ ಡಿಡಿಆರ್5 ಕಡ್ಡಾಯ. 2025ರ ಕೊನೆಯಲ್ಲಿ ರ್‍ಯಾಮಿನ ಬೆಲೆ ಜಿಗಿದದ್ದನ್ನು ನೆನೆದರೆ ಇದು ಸಣ್ಣ ಲೆಕ್ಕವಲ್ಲ.

ಬಿಸಿಲು ಮತ್ತು ದೂಳು

ಪ್ರೊಸೆಸರುಗಳ ಬಗ್ಗೆ ದೂರದ ಊರುಗಳಲ್ಲಿ ಮಾಡುವ ಪರೀಕ್ಷೆಗಳು ತಂಪಾದ ಕೋಣೆಯವು. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಣೆ 15 ಡಿಗ್ರಿ ಹೆಚ್ಚು ಕಾದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚು ಕಾಯುತ್ತದೆ. 90ರಿಂದ 100 ಡಿಗ್ರಿಯ ತನ್ನ ಮಿತಿ ಮುಟ್ಟಿದೊಡನೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹೆಚ್ಚು ಹಣ ಕೊಟ್ಟು ತಂದ ವೇಗ ಬೇಸಿಗೆಯಲ್ಲಿ ಹೀಗೆ ಆವಿಯಾಗುವುದುಂಟು. 65 ವಾಟ್ ವರ್ಗದ ಮಧ್ಯಮ ಪ್ರೊಸೆಸರ್ ಇಲ್ಲಿಗೆ ಒಪ್ಪುವುದು ಇದೇ ಕಾರಣಕ್ಕೆ. ಡಬ್ಬಿಯ ಮೇಲಿನ 65 ಗರಿಷ್ಠ ಮಿತಿಯಲ್ಲ ಎಂಬುದೂ ತಿಳಿದಿರಲಿ. ಆ ವರ್ಗದ ರೈಝೆನ್ 88 ವಾಟ್‌ವರೆಗೆ, ಐ5 12400ಎಫ್ 117ರವರೆಗೆ ಎಳೆಯಬಲ್ಲವು. ರೈಝೆನ್ 5 5600ರ ಡಬ್ಬಿಯಲ್ಲಿ ಫ್ಯಾನು ಬರುತ್ತದೆ. 8 ಕೋರಿನ 5700ಎಕ್ಸ್‌ನಲ್ಲಿ ಬರುವುದಿಲ್ಲ, ಅದರ ಖರ್ಚು ಬೇರೆ.

ಇನ್ನು ದೂಳು. ವಾಡಿ, ಶಹಾಬಾದ, ಸೇಡಂಗಳಲ್ಲಿ ಗಣಿಯ, ಕಲ್ಲು ಪಾಲಿಶಿನ, ಸಿಮೆಂಟಿನ ನವುರಾದ ದೂಳು ಕಿಟಕಿ ಮುಚ್ಚಿದರೂ ಒಳಬರುತ್ತದೆ. ಅದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂತರೆ ಗಾಳಿ ಆಡುವುದಿಲ್ಲ. ಯಂತ್ರ ನಿಧಾನವಾಯಿತೆಂದು ಹೊಸ ಪ್ರೊಸೆಸರಿಗೆ ಹೊರಡುವ ಮುನ್ನ ಮೃದು ಬ್ರಷ್ ಹಿಡಿದು ಶುಚಿ ಮಾಡಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ ಮತ್ತೊಮ್ಮೆ ಆಡಿ ನೋಡುವುದು ಜಾಣತನ. ಕೆಲವರ ಪ್ರಯಾಣ ಅಲ್ಲಿಗೇ ನಿಲ್ಲಲೂಬಹುದು. ಹಾಗೆ ಬಿಚ್ಚುವಾಗ ಎಎಂ4 ಹೀಟ್‌ಸಿಂಕನ್ನು ನೆಟ್ಟಗೆ ಎಳೆಯಬಾರದು. ಯಂತ್ರ ಬೆಚ್ಚಗಿರುವಾಗಲೇ ಕರೆಂಟ್ ತೆಗೆದು, ನಿಧಾನವಾಗಿ ತಿರುಚಿ ಎತ್ತಬೇಕು. ಇಲ್ಲವಾದರೆ ಪೇಸ್ಟಿಗೆ ಅಂಟಿ ಪ್ರೊಸೆಸರೇ ಕಿತ್ತು ಬಂದು ಪಿನ್ ಬಾಗುತ್ತದೆ.

ಪಾಲಕರು ಕೇಳಬೇಕಾದ ಮಾತು

ಆಟದ ಯಂತ್ರ ಆಟಕ್ಕೆ ಮಾತ್ರ ಎಂಬ ಭಾವನೆ ಪೂರ್ತಿ ಸರಿಯಲ್ಲ. 6 ಕೋರಿನ ಪ್ರೊಸೆಸರ್ ಪ್ರೋಗ್ರಾಮ್ ಬರೆಯುವುದಕ್ಕೆ, ಎಂಜಿನಿಯರಿಂಗ್ ನಕ್ಷೆಗೆ, ವಿಡಿಯೊ ಸಂಕಲನಕ್ಕೆ ಅಷ್ಟೇ ದುಡಿಯುತ್ತದೆ. ‘ಯಾಕ ಬೇಕು?’ ಎಂದಷ್ಟೇ ಕೇಳದೆ ‘ಅಳೆದು ನೋಡೀಯೇನು?’ ಎಂದು ತಂದೆತಾಯಿ ಕೇಳಬೇಕು. ಗ್ರಾಫಿಕ್ಸ್ ಕಾರ್ಡಿನ ಅಂಕಿ, ಬೋರ್ಡಿನ ಹೆಸರು, ಬೇಸಿಗೆಯ ಬಿಸಿ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ತಂದ ಮಗನ ಅಥವಾ ಮಗಳ ಬೇಡಿಕೆಗೆ ತೂಕವಿದೆ. ಹಾಗೆ ಲೆಕ್ಕ ಹಾಕಿದ ಮನೆಗಳಲ್ಲಿ ದುಬಾರಿಯ ಹಟ ತಾನಾಗಿಯೇ ಇಳಿಯುತ್ತದೆ.

ಹೋಗುವುದು ಹೇಗೆ?

ಮುಧೋಳದವರು ಬಸ್ಸಿನಲ್ಲಿ ಸೇಡಂಗೆ, ಚಿಂಚೋಳಿಯವರು ತಾಂಡೂರಿಗೆ, ಶಹಾಬಾದದವರು ವಾಡಿಗೆ ಬಂದು ರೈಲು ಹಿಡಿಯಬಹುದು. ಸೇಡಂನಿಂದ ಸಿಕಂದರಾಬಾದಿಗೆ ಸುಮಾರು 150 ಕಿಲೋಮೀಟರ್. ಕೆಲವು ಗಾಡಿಗಳು ಹೈದರಾಬಾದಿನ ನಾಂಪಲ್ಲಿಗೆ ಹೋಗುತ್ತವೆ. ಅಲ್ಲಿಂದ ಮೆಟ್ರೊ ಹಿಡಿದು ಅಮೀರ್‌ಪೇಟೆಯಲ್ಲಿ ಬದಲಿಸಿದರೆ ಪ್ಯಾರಡೈಸ್ ನಿಲ್ದಾಣ ಸಿಗುತ್ತದೆ. ರಜೆಯ ದಿನ ಅಂಗಡಿ ತೆರೆದಿದೆಯೇ ಎಂದು ಮೊದಲೇ ಫೋನು ಮಾಡಿ. ಪ್ರೊಸೆಸರಿನ ಡಬ್ಬಿಯ ಮುದ್ರೆ ಒಡೆಯದಂತಿರಲಿ. ಡಬ್ಬಿಯಲ್ಲಿ ಬರುವುದಕ್ಕೆ ಸಾಮಾನ್ಯವಾಗಿ 3 ವರ್ಷದ ವಾರಂಟಿ ಇರುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಹಳೆಯದನ್ನು ಕೊಳ್ಳುವುದಾದರೆ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲಿಯೇ ಒಂದು ಬೋರ್ಡಿಗೆ ಹಾಕಿಸಿ ಓಡಿಸಿ, ಆಮೇಲೆ ಹಣ ಕೊಡಿ. ಡಬ್ಬಿಗಾಗಿ ಮತ್ತೊಮ್ಮೆ ಅಷ್ಟು ದೂರ ಹೋಗಿಬರುವುದು ತಪ್ಪುತ್ತದೆ.