ಕಾರ್ನ್‌ವಾಲಿನಲ್ಲೊಂದು ವರ್ಧಂತಿ

ಪರದೇಶದ ಹುಟ್ಟುಹಬ್ಬವೆಂದರೆ ಹೋಟೆಲು, ಕೇಕು, ಛಾಯಾಚಿತ್ರ. ಇದು ಈಗಿನ ವಾಡಿಕೆ. ಕೋಲಾರದ ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರ 75ನೆಯ ವರ್ಧಂತಿಗೆ ಮಗಳು ಲಂಡನ್ನಿನ ವೈಭವವನ್ನು ತೋರಿಸಬೇಕೆಂದಿದ್ದಳು. ಅವರು ಬಯಸಿದ್ದು ಕಾರ್ನ್‌ವಾಲನ್ನು! 1880ರಲ್ಲಿ ಜಾನ್ ಟೇಲರ್ ಕಂಪನಿಯು ಕೋಲಾರದ ಗಣಿಗಳಿಗೆ ಕೈಯಿಟ್ಟ ಮೇಲೆ, ಕೆಲಸ ಬಲ್ಲ ದೊರೆಗಳು ಅನೇಕರು ಬಂದದ್ದು ಆ ಸೀಮೆಯಿಂದಲ್ಲವೇ?

ಹೀಗೆ ಪತ್ನಿ, ಮಗಳು, ಮೊಮ್ಮಗನೊಡನೆ ಅವರು ಕಡಲಂಚಿನ ಗೀವರ್ ತವರದ ಗಣಿಗೆ ಬಂದರು. 1990ರಲ್ಲಿ ಕೆಲಸ ನಿಂತ ಆ ಗಣಿ ಈಗ ವಸ್ತುಸಂಗ್ರಹಾಲಯ. ಗಣಿಗಾರರು ಉಡುಪು ಬದಲಿಸುತ್ತಿದ್ದ ಕೋಣೆಯನ್ನು ಅವರು ಬಿಟ್ಟುಹೋದಂತೆಯೇ ಉಳಿಸಿದ್ದಾರೆ. ಮಾಸಿದ ಅಂಗಿಗಳು ಇನ್ನೂ ತೂಗುತ್ತಿವೆ. ಹಿರಿಯರು ಅಲ್ಲಿಂದ ಬಹಳ ಹೊತ್ತು ಕದಲಲಿಲ್ಲ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದಾಗ ಯಾರ ಅಂಗಿಯನ್ನು ಯಾರು ಎತ್ತಿಟ್ಟರು?

ಮಧ್ಯಾಹ್ನ ಕೇಕಿಗೆ ಬದಲಾಗಿ, ಅಲ್ಲಿನ ಗಣಿಗಾರರ ಬುತ್ತಿಯೆಂದು ಹೆಸರಾದ ‘ಪೇಸ್ಟಿ’ ಬಂದಿತು. ಇವರಿಗಾಗಿ ಆಲೂಗಡ್ಡೆ, ಈರುಳ್ಳಿ ತುಂಬಿದ್ದು.

“ಇದೇನ್ರೀ, ಕರ್ಜಿಕಾಯಿಗೆ ಪಲ್ಯ ತುಂಬಿದ್ದಾರಲ್ಲ!” ಎಂದರು ಪತ್ನಿ.

ಮೊಮ್ಮಗ ಅದರ ಮೇಲೊಂದು ಮೇಣದಬತ್ತಿ ಹಚ್ಚಿ, “ಊದಿ ತಾತ” ಎಂದ. ದೀಪವನ್ನು ಆರಿಸುವುದೆಂದರೆ, ಕತ್ತಲೆಯಲ್ಲಿ ದುಡಿದವರಿಗೆ ಹೇಗೆ ಮನಸ್ಸು ಬಂದೀತು?

“ತಾನಾಗಿಯೇ ಉರಿದು ಮುಗಿಯಲಿ. ಅಷ್ಟರಲ್ಲಿ ನಮ್ಮ ಗಣಿಯ ಕಥೆ ಕೇಳು” ಎಂದು ಇಂಗ್ಲಿಷಿನಲ್ಲಿಯೇ ಆರಂಭಿಸಿದರು. ನಂದಿದುರ್ಗದ ನೆರೆಯ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಮಿಗಿಲಾದ ಆಳವೆಂದಾಗ, ಹಿಂದೆ ಗಣಿಗಾರನಾಗಿದ್ದ ಅಲ್ಲಿನ ಮಾರ್ಗದರ್ಶಿ ತನ್ನ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡ.