ಉಂಗುರದ ಪ್ರದಕ್ಷಿಣೆ

ಗಂಟೆ ಬಾರಿಸಿದ ಕೈ ಹಿಂದಕ್ಕೆ ಬಂದ ಮೇಲೂ ಮೊಳಗು ಉಳಿಯುತ್ತದೆಯಷ್ಟೆ. ಅದಕ್ಕೆ ಅನುರಣನ ಎಂದು ಹೆಸರು. ಕಾವ್ಯದ ಮಾತು ಮುಗಿದ ಮೇಲೆ ಮೊಳಗುವ ಅರ್ಥಕ್ಕೂ 9ನೆಯ ಶತಮಾನದ ಆನಂದವರ್ಧನ ಈ ಮಾತನ್ನೇ ಹಿಡಿದ. ವರ್ಷವರ್ಷವೂ ತರಗತಿಯಲ್ಲಿ ನಾನು ಇದನ್ನು ಹೇಳುತ್ತ ಬಂದಿದ್ದೇನೆ. ಭೌತಶಾಸ್ತ್ರದವರ ‘ರೆಸೊನೆನ್ಸ್’ಗೂ ಕನ್ನಡದ ಪಠ್ಯಗಳಲ್ಲಿ ಇದೇ ಹೆಸರು. ಇಬ್ಬರ ಮನೆಗೂ ಒಂದೇ ಬಾಗಿಲು!

ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನನ್ನ ಹಳೆಯ ಶಿಷ್ಯೆಯೊಬ್ಬಳು ಈಗ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ‘ಮೈಕ್ರೋ-ರಿಂಗ್ ರೆಸೊನೇಟರ್’ ಎಂದರೇನೆಂದು ಅವ್ವ ಕೇಳಿದಾಗ ಅವಳ ಬಾಯಿ ಕಟ್ಟಿತಂತೆ. “ಅವ್ವನಿಗೆ ಹೇಳಲಾರದ್ದು ನನಗೆ ತಿಳಿದಿದೆ ಎಂದು ಹೇಗೆ ನಂಬಲಿ ಸಾರ್? ಓದು ಬಿಟ್ಟುಬಿಡೋಣ ಅನ್ನಿಸುತ್ತದೆ” ಎಂದಳು. ಕಷ್ಟ ಅವಳದಾದರೂ ಮಾನ ಹೋಗುವುದು ನನ್ನ ಕಸುಬಿನದು. ಒಂದು ಭಾನುವಾರ ತಾಯಿಮಗಳೊಡನೆ ಹಳೇಬೀಡಿನ ಬಸ್ಸು ಹತ್ತಿದೆ.

ಹೊಯ್ಸಳೇಶ್ವರನ ಗುಡಿಯ ಸುತ್ತ ಜಗತಿಯ ಮೇಲೆ ನಡೆದೆವು. ನಡೆಯುವವನ ಹೆಜ್ಜೆಯೆಲ್ಲ ಒಂದೇ ಅಳತೆಯದೆಂದು ಇಟ್ಟುಕೊಳ್ಳಿ. ಸುತ್ತು ಮುಗಿದಾಗ ಪಾದ ಹೊರಟ ಕಲ್ಲಿನ ಮೇಲೆಯೇ ಬಿದ್ದರೆ, ಮುಂದಿನ ಸುತ್ತಿನ ಹೆಜ್ಜೆಗಳೆಲ್ಲ ಹಿಂದಿನವುಗಳ ಮೇಲೆಯೇ ಬೀಳುತ್ತವೆ. ಬೆರಳಷ್ಟು ತಪ್ಪಿದರೆ, ನೂರು ಸುತ್ತಿಗೆ ನೂರು ಬೆರಳಿನ ತಪ್ಪು. ಬೆಳಕಿನ ಹೆಜ್ಜೆಯೇ ಅಲೆಯುದ್ದ. ಸುತ್ತಳತೆಗೆ ಸರಿಯಾಗಿ ಹೊಂದಿದ ಅಲೆ ಉಂಗುರದಲ್ಲಿ ಬಲಿಯುತ್ತದೆ. ಹೊಂದದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸುತ್ತು ಹೆಚ್ಚಿದಷ್ಟೂ ಆಯ್ಕೆ ಬಿಗಿ.

ಆ ಉಂಗುರವಾದರೂ ಎಷ್ಟು? ಸಿಲಿಕಾನ್ ಬಿಲ್ಲೆಯ ಮೇಲೆ ಅರ್ಧ ಮೈಕ್ರಾನ್ ಅಗಲದ ಬೆಳಕಿನ ಕಾಲುವೆ. ಪಕ್ಕದಲ್ಲಿ, ತಾಕದಂತೆ, 10 ಮೈಕ್ರಾನ್ ಅಡ್ಡಗಲದ ಉಂಗುರ. ತಲೆಗೂದಲು ಅದಕ್ಕಿಂತ ಹಲವು ಪಟ್ಟು ದಪ್ಪ. ಅರಸೀಕೆರೆ ಜಂಕ್ಷನ್ನಿನಲ್ಲಿ ಗಾಡಿ ದಾರಿ ಬದಲಿಸಲು ಕವಲುಹಳಿ ಬೇಕು. ಇಲ್ಲಿ ಸಂದು ಸಾಕಷ್ಟು ಕಿರಿದಾಗಿದ್ದರೆ ಬೆಳಕು ತಾನೇ ದಾಟಿಕೊಳ್ಳುತ್ತದೆ. ಇಂಥ ಉಂಗುರಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮಾಡುತ್ತಾರೆ.

“ಇದರಿಂದ ಆಗೋದೇನು?” ಎಂದರು ಅವ್ವ. ಈಗ ಮಗಳೇ ಹೇಳಿದಳು. ಲೇಸರಿನ ಬಣ್ಣವೂ ಕೊಂಚ ನಡುಗುತ್ತದೆಯಂತೆ; ಉಂಗುರ ತನಗೆ ಒಪ್ಪಿದ ಬಣ್ಣವನ್ನಷ್ಟೇ ಹಿಂದಕ್ಕೆ ಕಳಿಸಿ ಅದನ್ನು ಹದದಲ್ಲಿ ನಿಲ್ಲಿಸುತ್ತದೆ. ರೇಡಾರಿನ ಮೈಕ್ರೋವೇವ್ ಸಂಕೇತವನ್ನು ಬೆಳಕಿನ ಮೇಲೆ ಹೊರಿಸಿ, ಉಂಗುರದಲ್ಲಿ ಸೋಸಿ, ಬೇಕಾದ ಕಂಪನವನ್ನಷ್ಟೇ ಮರಳಿ ಇಳಿಸಿಕೊಳ್ಳಬಹುದು. ರಾಗಿ ಕೇರುವ ಮೊರದ ಕೆಲಸವೇ ಎಂದು ಅವ್ವ ತಲೆದೂಗಿದರು.

ಅಲ್ಲಿಂದ ಬೇಲೂರು 16 ಕಿಲೋಮೀಟರು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ನವರಂಗದ ಅರೆಗತ್ತಲಲ್ಲಿ, ಚಕ್ರಕ್ಕೆ ಕೊಟ್ಟು ಕಡೆದ ಬಳಪದ ಕಲ್ಲಿನ ಕಂಬಗಳು ಮಿನುಗುತ್ತಿದ್ದವು. ಉಂಗುರದ ಶತ್ರು ಒರಟುತನ. ಗೋಡೆಯಲ್ಲಿ ಕಣ್ಣಿಗೆ ಕಾಣದ ತರಿಯಿದ್ದರೂ ಬೆಳಕು ಚೆದರಿ ಸೋರಿಹೋಗುತ್ತದೆ. ನಯವಾದ ಸಿಲಿಕಾನ್ ನೈಟ್ರೈಡ್ ಉಂಗುರದಲ್ಲಾದರೋ ಅದು ಸಾವಿರ ಸುತ್ತನ್ನೂ ಮೀರಿ ಬಾಳುವುದುಂಟು. ಅವ್ವ ಕಂಬವನ್ನೇ ನೋಡುತ್ತ, “ಉಜ್ಜಿದಷ್ಟೂ ಬೆಳಕು ಉಳೀತದೆ ಅನ್ನು” ಎಂದರು. ಮಗಳು ಅವರ ಮುಖ ನೋಡಿದಳು. ಪಾಠದ ತಿರುಳೇ ಅದು.

ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಗೋಡೆಯನ್ನಪ್ಪಿ ಸುತ್ತಿಬರುವುದನ್ನು ಸಿ. ವಿ. ರಾಮನ್ ಶತಮಾನದ ಹಿಂದೆಯೇ ಅಭ್ಯಾಸಮಾಡಿದ್ದರು. ಬೆಳಕಿನ ಉಂಗುರ ಅದೇ ಬಳಗದ್ದು. ನಮಗೆ ತೀರ ಪರಕೀಯವಲ್ಲ.

ಇಂಗ್ಲಿಷ್ ಹೆಸರನ್ನು ಓಡಿಸಬೇಕೆಂಬ ಹಟ ನನಗಿಲ್ಲ. ಪರೀಕ್ಷೆ ಆ ಭಾಷೆಯಲ್ಲಿದೆ, ಬರೆಯಲಿ. ಆದರೆ ನಮ್ಮ ಹಳ್ಳಿಯ ಮಕ್ಕಳು ಎಷ್ಟೋ ಸಲ ಸೋಲುವುದು ವಿಷಯಕ್ಕಲ್ಲ, ಹೆಸರಿನ ಅಂಜಿಕೆಗೆ. ಕಲಿತದ್ದನ್ನು ಒಮ್ಮೆ ಮನೆಯ ಮಾತಿನಲ್ಲಿ ಹೇಳಿ ನೋಡಲು ನಾವು ಅವಕಾಶ ಕೊಡಬೇಕು. ಅಷ್ಟು ಮಾಡದೆ ‘ಕನ್ನಡದವರಿಗೆ ವಿಜ್ಞಾನ ಹತ್ತದು’ ಎನ್ನುವುದು ಯಾವ ನ್ಯಾಯ?